ಬಲಗಡೆಯಿಂದ ಹತ್ತಿದ ಕುದುರೆ

"ಬಲಗಡೆಯಿಂದ ಯಾರೂ ಹತ್ತಲ್ಲ ಮೇಡಂ, ಕುದುರೆ ಬೆದರುತ್ತೆ" ಎನ್ನುತ್ತಾ ಕೆಂಗೇರಿಯ ಕುದುರೆ ಮಾಲೀಕ ಬಾಷಾ ನನ್ನ ಎಡಗಾಲಿನತ್ತ ನೋಡಿದರು. ಎಲ್ಲರಂತೆ ಎಡಗಡೆಯಿಂದ ಹತ್ತಬೇಕೆಂದರೆ, ಪೋಲಿಯೊದಿಂದ ಸಣಕಲಾದ ಆ ಕಾಲನ್ನೇ ಜೀನಿನಿಂದ ಇಳಿಬಿದ್ದ ರಿಕಾಬಿನ ಬಳೆಗೆ ಕೊಟ್ಟು ಮೈಭಾರ ಎತ್ತಬೇಕು; ಅದು ನನಗಾಗುವುದಿಲ್ಲ. ಆದರೂ ಪ್ರತಿಸಲ ಇನ್ನೊಬ್ಬರ ಕೈಯಾಸರೆಯಿಂದ ಹತ್ತಿ ಮೂರು ವರ್ಷ ಸವಾರಿ ಕಲಿತಿದ್ದೆ. ಬಸವೇಶ್ವರನಗರದ ಸೈಬರ್ ಕೆಫೆಯಲ್ಲಿ ಎರಡು ತಿಂಗಳು ಜಾಹೀರಾತುಗಳನ್ನು ಹುಡುಕಿ, ಅವರು ಮಾರಾಟಕ್ಕಿಟ್ಟಿದ್ದ ಈ ಕಂದು ಹೆಣ್ಣು ಕುದುರೆಯನ್ನು ನೋಡಲು ಬಂದಿದ್ದೆ. ಹಾಗೆಯೇ ಹಿಂತಿರುಗುವ ಮನಸ್ಸಿರಲಿಲ್ಲ.

"ಒಂದ್ಸಲ ಹತ್ತಿ ತೋರಿಸ್ತೀನಿ, ಲಗಾಮು ಹಿಡ್ಕೊಳ್ಳಿ" ಎಂದೆ.

ಬಲಗಾಲನ್ನು ರಿಕಾಬಿಗೆ ಇಡುತ್ತಿದ್ದಂತೆ ಕುದುರೆ ಸರಕ್ಕನೆ ಸರಿಯಿತು. ನಾನು ಮಣ್ಣಿಗೆ ಬಿದ್ದೆ. ಎದ್ದು ಮತ್ತೆ ಹತ್ತಲು ಹೋದೆ, ಮತ್ತೆ ಬಿದ್ದೆ. ಮೂರನೆಯ ಸಲ ಕಾಲೆತ್ತುವಷ್ಟರಲ್ಲಿ ಬಾಷಾ ತಡೆದರು. ಮಾರುವುದಿಲ್ಲ ಎನ್ನುತ್ತಾರೆಂದು ವಾದಕ್ಕೆ ಸಿದ್ಧಳಾದೆ.

"ಇವತ್ತು ಸಾಕು. ಹದಿನೈದು ದಿನ ಬಿಟ್ಟು ಬನ್ನಿ. ಬಲಗಡೆಯಿಂದ ಹತ್ತಿಸ್ಕೊಳ್ಳೋದನ್ನ ನಾನೇ ಇವಳಿಗೆ ಕಲಿಸಿಡ್ತೀನಿ" ಎಂದರು.

ನಾನು ಅಷ್ಟು ದಿನ ಕಾಯಲಿಲ್ಲ. ಪ್ರತಿದಿನ ಆಫೀಸಿಗೆ ಮುಂಚೆ ಬಸ್ಸಿನಲ್ಲಿ ಕೆಂಗೇರಿಗೆ ಹೋದೆ. ಬಾಷಾ ಬಲಗಡೆ ನಿಂತು ಜೀನು ತಟ್ಟುತ್ತಿದ್ದರು, ರಿಕಾಬು ಜಗ್ಗುತ್ತಿದ್ದರು. ನಾನು ಕುದುರೆಯ ಕುತ್ತಿಗೆ ಸವರುತ್ತಾ ಮಾತನಾಡಿಸುತ್ತಿದ್ದೆ. ಹನ್ನೊಂದನೆಯ ದಿನ ಕುದುರೆ ಕದಲದೆ ನಿಂತಿತು. ನಾನು ಹತ್ತಿ ಕುಳಿತೆ. ಅಂದೇ ಅದನ್ನು ಕೊಂಡೆ.

ಅಲ್ಲಿಯವರೆಗೆ ಹೋದಲ್ಲೆಲ್ಲ ನಾನೇ ಹೊಂದಿಕೊಳ್ಳುತ್ತಿದ್ದೆ. ನನಗಾಗಿ ಒಂದು ರೂಢಿಯನ್ನೇ ಬದಲಿಸಬಹುದೆಂದು ಬಾಷಾ ತೋರಿಸಿಕೊಟ್ಟರು. ಮರುವಾರ ಆಫೀಸಿನ ಮ್ಯಾನೇಜರ್ ಬಳಿ ಹೋಗಿ, ವರ್ಷಗಟ್ಟಲೆ ಕಷ್ಟಪಟ್ಟು ಮೆಟ್ಟಿಲು ಹತ್ತುತ್ತಿದ್ದರೂ ಬಾಯಿಬಿಟ್ಟು ಕೇಳದಿದ್ದ ನೆಲಮಹಡಿಯ ಮೇಜನ್ನು ಕೇಳಿ ಪಡೆದೆ.