ಸ್ಕ್ಯಾನ್ ಮಿಷನ್ನಿಗೆ ನಾನು ಕೊಟ್ಟ ಜವಾಬು

ಬೂದಿಕೋಟೆಯ ಸರೋಜಮ್ಮ, ನಿನ್ನ ಮಂಡಿನೋವು ಹೇಗಿದೆ? ಊರಿಗಾಂನ ತಮ್ಮ ಮುನಿರಾಜು, ಕೆಮ್ಮು ಇಳಿಯಿತೇ? ನನ್ನ ಸೊಂಟದ ಬಗ್ಗೆ ಎಲ್ಲರೂ ಕೇಳುತ್ತಿದ್ದೀರಿ, ಇವತ್ತು ಆದದ್ದನ್ನು ಕೇಳಿ.

ವರ್ಷಗಳ ಆ ನೋವು ಈಗ ಕಾಲಿಗೂ ಇಳಿದಿದೆ. ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ, ನರ ಒತ್ತಿಕೊಂಡಿದೆಯೇ, ಆಪರೇಷನ್ ಬೇಕೇ ಎಂದು ತಿಳಿಯಲು ಎಂಆರ್‌ಐ ಮಾಡಿಸಿ ಎಂದಿದ್ದರು ಡಾಕ್ಟರು. ಇವತ್ತು ನನ್ನಾಕೆಯ ಜೊತೆ ಕೋಲಾರಕ್ಕೆ ಹೋಗಿ, ಹೆದರಿಕೊಂಡೇ ಆ ಮಿಷನ್ನಿನ ಕೊಳವೆಯೊಳಗೆ ಮಲಗಿದೆ.

ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಟಕ್ ಟಕ್ ಟಕ್ ಎಂದು ಬಡಿತ ಶುರುವಾಯಿತು. ನನ್ನ ಕೈ ತಾನಾಗಿ ಎದ್ದು ಕೊಳವೆಯ ಗೋಡೆಯನ್ನು ತಿರುಗಿ ತಟ್ಟಿತು.

ಮಿಷನ್ ನಿಂತಿತು. ಸ್ಕ್ಯಾನ್ ಮಾಡುವ ಹುಡುಗಿ ಓಡಿಬಂದಳು. "ತಾತಾ, ಅಲ್ಲಾಡಬೇಡಿ ಅಂತ ಅಷ್ಟು ಹೇಳಿರ್ಲಿಲ್ವಾ? ಫೋಟೋ ಎಲ್ಲಾ ಮಸುಕಾಗೋಯ್ತು!"

"ನಾನು ಕೆಲ್ಸ ಮಾಡ್ತಿದ್ದ ಚಾಂಪಿಯನ್ ರೀಫ್ಸ್ ಚಿನ್ನದ ಗಣೀಲಿ ಬಂಡೆ ಕುಸಿದ್ರೆ ಒಳಗೆ ಸಿಕ್ಕೊಂಡೋರು ಪೈಪ್ ತಟ್ಟೋರು ಕಣಮ್ಮ. ನಾವು ತಿರುಗಿ ತಟ್ಟಿದ್ರೇನೇ ಅವ್ರಿಗೆ ಓದ ಜೀವ ವಾಪಸ್ ಬರೋದು. ಸುಮ್ನೆ ಎಂಗಿರ್ಲಿ?"

ಆಮೇಲೆ ಅವಳು ಬೈಯಲಿಲ್ಲ. "ಇಲ್ಲಿ ಯಾರೂ ಸಿಕ್ಕೊಂಡಿಲ್ಲ ತಾತಾ, ಅಲ್ಲಾಡದೆ ಮಲಕ್ಕೊಳ್ಳಿ" ಎಂದು ಮತ್ತೆ ಒಳಗೆ ಕಳಿಸಿದಳು. ಬಡಿತ ಮುಗಿಯುವವರೆಗೂ ನನ್ನ ಹಳೆಯ ಜೊತೆಗಾರರ ಮುಖಗಳೇ ಕಣ್ಣ ಮುಂದೆ ಇದ್ದವು.

ನರ ಸ್ವಲ್ಪವೇ ಒತ್ತಿಕೊಂಡಿದೆ, ಆಪರೇಷನ್ ಬೇಡ, ವ್ಯಾಯಾಮ ಮಾಡಿ ಎಂದರು ಡಾಕ್ಟರು. ಹೊರಗೆ ಬಂದ ಮೇಲೆ, ಆ ಹುಡುಗಿಯಿಂದ ಎಲ್ಲಾ ಕೇಳಿ ತಿಳಿದಿದ್ದ ನನ್ನಾಕೆ ಶುರುಮಾಡಿದಳು: "ಮನೇಲಿ ನಾನು ಅಷ್ಟು ಕೂಗಿದ್ರೂ ಊಂ ಅನ್ನಲ್ಲ, ಮಿಷನ್ ಕರೆದ್ರೆ ಮಾತ್ರ ಜವಾಬು ಕೊಡ್ತೀರ!"

ನೀವಾದರೂ ನನ್ನ ಹಾಗೆ ಸುಮ್ಮನಿರದೆ ಬೇಗ ಜವಾಬು ಬರೆಯಿರಿ.