ಮೆಹಬೂಬ್ ಬೀಯ ಹತ್ತು ಬೆರಳು

ಶಿಡ್ಲಘಟ್ಟದ ಮೆಹಬೂಬ್ ಬೀಗೆ ಒಂದು ಬೆಳಿಗ್ಗೆ ಗಂಡನ ಹುಬ್ಬು ಮರೆತುಹೋಯಿತು. ಪೂರಾ ಹುಬ್ಬಲ್ಲ, ಅದರ ನಡುವೆ ಕೂದಲು ಹುಟ್ಟದೆ ಉಳಿದಿದ್ದ ಒಂದು ಸಣ್ಣ ಗೆರೆ. ಗೋಲಿ ಆಡುವ ವಯಸ್ಸಿನಲ್ಲಿ ಕಲ್ಲಿಗೆ ಬಿದ್ದು ಮಾಡಿಕೊಂಡ ಗಾಯ ಅದು. ಎಡಹುಬ್ಬಿನಲ್ಲಿತ್ತೋ, ಬಲಹುಬ್ಬಿನಲ್ಲಿತ್ತೋ? ಕುದಿನೀರಿನ ತೊಟ್ಟಿಯ ಮುಂದೆ ಕೂತು ಬೆಂದ ರೇಷ್ಮೆಗೂಡಿನಿಂದ ಎಳೆಯ ತುದಿ ಹುಡುಕುತ್ತಿದ್ದ ಅವಳ ಕೈ ನೀರಿನಲ್ಲೇ ನಿಂತುಬಿಟ್ಟಿತು. ಉಮರ್ ಫಾರೂಕ್ ತೀರಿಕೊಂಡು ಹದಿನಾಲ್ಕು ವರ್ಷ. ಇವತ್ತು ಹುಬ್ಬು ಹೋಯಿತು, ನಾಳೆ ಮೂಗು ಹೋದೀತು, ನಾಡಿದ್ದು ಆ ಮುಖವೇ ಹೋದೀತು ಎಂದುಕೊಂಡಳು.

ನೋಡಿ ನೆನಪು ಮಾಡಿಕೊಳ್ಳೋಣವೆಂದರೆ ಮನೆಯಲ್ಲಿ ಅವನದೊಂದು ಫೋಟೋ ಇಲ್ಲ. ಫೋಟೋ ಎಂದರೆ ಅವನಿಗೆ ಆಗುತ್ತಲೇ ಇರಲಿಲ್ಲ. ಮದುವೆಯ ದಿನವೂ ಕ್ಯಾಮೆರಾದವನಿಗೆ ಹೊಟ್ಟೆ ತುಂಬ ಊಟ ಹಾಕಿಸಿ ಸಾಗಹಾಕಿದ್ದ. ವೋಟಿನ ಕಾರ್ಡಿನಲ್ಲಿ ಇದ್ದದ್ದು ಮನುಷ್ಯನೋ ಕಾಗೆಯೋ ದೇವರಿಗೇ ಗೊತ್ತು. ಆಧಾರ್ ಬರುವ ಹೊತ್ತಿಗೆ ಅವನೇ ಇರಲಿಲ್ಲ. ಜನ್ಮದಲ್ಲಿ ಒಂದೇ ಸಲ ಅವನು ನೆಟ್ಟಗೆ ಕ್ಯಾಮೆರಾ ಮುಂದೆ ಕೂತದ್ದು, ರೇಷ್ಮೆ ಕೆಲಸಗಾರರ ಸಂಘದವರು ಗಂಡಹೆಂಡತಿಗೆ ಸೇರಿಸಿ ಒಂದು ಕಾರ್ಡು ಮಾಡಿಕೊಟ್ಟಾಗ. ಇಪ್ಪತ್ತು ವರ್ಷದ ಹಿಂದಿನ ಮಾತು. ಕಾರ್ಡಿನ ಮುಂದೆ ಹೆಬ್ಬೆಟ್ಟಿನಗಲ ಅವನ ಮುಖ, ಹಿಂದೆ ಮೀನಿನ ಹೊಟ್ಟೆಯ ಹಾಗೆ ಮಿನುಗುವ ಒಂದು ಪಟ್ಟಿ. ಅವನು ಹೋದ ಮೇಲೆ ದಿನಾ ಆ ಮುಖವನ್ನು ಹೆಬ್ಬೆರಳಿನಿಂದ ಸವರಿ ಸವರಿ, ಈಗ ಅಲ್ಲಿ ಉಳಿದದ್ದು ಬೂದಿಬಣ್ಣದ ಒಂದು ಮಚ್ಚೆ. ಕದ್ದವಳು ಹೊರಗಿನವಳಲ್ಲ, ತಾನೇ.

ಆ ಕಾರ್ಡನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಅವಳು ಚಿಕ್ಕಬಳ್ಳಾಪುರದ ಸಂಘದ ಆಫೀಸಿಗೆ ಬಸ್ಸು ಹತ್ತಿದಳು. ಅಲ್ಲಿನ ಗುಮಾಸ್ತ ಮುರಳಿಮೋಹನ್ ಕಾರ್ಡನ್ನು ತಿರುಗಿಸಿ ನೋಡಿ ನಕ್ಕ. ಇಂಥದ್ದನ್ನು ನೋಡಿ ಹತ್ತು ವರ್ಷವಾಯಿತಂತೆ. ಮುಖ ಎಲ್ಲೂ ಹೋಗಿಲ್ಲ, ಆ ಮಿನುಗುಪಟ್ಟಿಯೊಳಗೆ ಹಾಗೇ ಇದೆ ಎಂದ. ಬೆಳಕಿನಿಂದ ಬರೆದದ್ದನ್ನು ಬೆಳಕಿನಿಂದಲೇ ಓದಬೇಕು. ಗಂಡಹೆಂಡತಿ ಇಬ್ಬರ ಹತ್ತತ್ತು ಬೆರಳಚ್ಚೂ ಅದರೊಳಗಿದೆ. ಇಬ್ಬರಲ್ಲಿ ಒಬ್ಬರು ಓದುವ ಮಿಷನ್ನಿನ ಗಾಜಿನ ಮೇಲೆ ಬೆರಳಿಟ್ಟು, ಅದು ಪಟ್ಟಿಯೊಳಗಿನ ಅಚ್ಚಿಗೆ ತಾಳೆಯಾದರೆ ಮಾತ್ರ ಬಾಗಿಲು ತೆಗೆಯುತ್ತದೆ. ಮೂಲೆಯಲ್ಲಿದ್ದ ಮಿಷನ್ನಿನ ಧೂಳು ಕೊಡವಿ ಅವನು ಕಾರ್ಡು ತೂರಿಸಿದ.

ಮೆಹಬೂಬ್ ಬೀ ಹೆಬ್ಬೆರಳಿಟ್ಟಳು. ಕೆಂಪು ದೀಪ. ಇನ್ನೊಂದು ಬೆರಳು, ಮತ್ತೊಂದು ಬೆರಳು. ಹತ್ತಕ್ಕೂ ಕೆಂಪೇ. ಮುರಳಿಮೋಹನ್ ಅವಳ ಕೈ ತಿರುಗಿಸಿ ನೋಡಿದ. ಬಿಸಿನೀರಿನಲ್ಲಿ ಬೆಂದು ಬೆಂದು ತುದಿಗಳು ಸುಲಿದ ಈರುಳ್ಳಿಯ ಹಾಗೆ ನುಣ್ಣಗಾಗಿದ್ದವು.

"ಅವರ ಹೆಂಡ್ತಿ ನಾನೇ ಅಲ್ವೇನಪ್ಪ?"

"ನಾನು ನಂಬ್ತೀನಿ ಕಣಮ್ಮ. ಮಿಷನ್ ನಂಬಬೇಕಲ್ಲ."

ನೀರು ಮುಟ್ಟದೆ ಇದ್ದರೆ ಚರ್ಮ ಮತ್ತೆ ಗೆರೆ ಕಟ್ಟುತ್ತದೆ, ಒಂದೂವರೆ ತಿಂಗಳು ತಾಳು ಎಂದ. ಆದರೆ ಅದರಾಚೆಗಲ್ಲ. ಮುಂದಿನ ತಿಂಗಳ ಹದಿನೈದಕ್ಕೆ ಮಿಷನ್ ಗುಜರಿಗೆ ಹೋಗುತ್ತದೆ, ಇಂಥದ್ದು ಬೇರೆಲ್ಲೂ ಉಳಿದಿಲ್ಲ.

ಅಂದಿನಿಂದ ಅವಳ ಬೆರಳುಗಳದ್ದೇ ಒಂದು ಸಂಸಾರವಾಯಿತು. ನೂಲು ಬಿಚ್ಚುವ ಶೆಡ್ಡಿನ ಯಜಮಾನ ವೆಂಕಟರಾಮಪ್ಪನಿಗೆ ಹೇಳಿ ತೊಟ್ಟಿ ಬಿಟ್ಟು, ಒಣ ನೂಲಿನ ಲಡಿ ಕಟ್ಟುವ ಕೆಲಸ ಹಿಡಿದಳು. ರಾಣಿಯಮ್ಮ ಆಗೋದ್ಯಾ ಎಂದು ಅವನು ರೇಗಿಸಿದ, ಆದರೆ ಬೇಡವೆನ್ನಲಿಲ್ಲ. ಪಾತ್ರೆ, ಬಟ್ಟೆ ಎಲ್ಲ ಪಕ್ಕದ ಮನೆಯಲ್ಲಿದ್ದ ತಂಗಿಯ ಮಗಳು ಜಬೀನ್ ಪಾಲಿಗೆ ಬಂತು. ಮೆಹಬೂಬ್ ಬೀ ದಿನಾ ಕೊಬ್ಬರಿ ಎಣ್ಣೆ ಸವರಿ, ಸ್ಟೀಲ್ ತಟ್ಟೆಯ ಮೇಲೆ ಬೆರಳೊತ್ತಿ ಬಿಸಿಲಿಗೆ ಹಿಡಿದು ನೋಡುವಳು. ಮೂರನೆಯ ವಾರ ಒಂದು ಗೆರೆ ಕಂಡಿತು. ನಾಲ್ಕನೆಯ ವಾರ, ಆಗತಾನೇ ಉತ್ತ ರಾಗಿಹೊಲದ ಸಾಲುಗಳು. ಹೊಸಚರ್ಮದ ಮೇಲೆ ಹಳೆಯ ಗೆರೆಗಳೇ ಬಂದಿದ್ದವು. ಅಷ್ಟು ಸಣ್ಣ ಗೆರೆಗಳೂ ತಮ್ಮ ಜಾಗ ಮರೆತಿರಲಿಲ್ಲ. ತಾನು ಮಾತ್ರ ಒಂದು ಹುಬ್ಬನ್ನು ಮರೆತೆನಲ್ಲ ಎಂದು ಅವಳು ತಟ್ಟೆ ಕೆಳಗಿಟ್ಟಳು.

ಹದಿನಾಲ್ಕನೆಯ ತಾರೀಖು ಮಧ್ಯಾಹ್ನ ಜಬೀನ್ ಮೆಹಂದಿ ಎಲೆ ರುಬ್ಬಿ ತಂದಳು. ಹದಿನಾಲ್ಕು ವರ್ಷ ಮೆಹಂದಿ ಕಾಣದ ಕೈ. ದೊಡ್ಡಮ್ಮ, ಅವಳ ಖಾಲಾ, ಬೇಡ ಎನ್ನಬಹುದೆಂದು ಅವಳು ಹೆದರಿದ್ದಳಂತೆ. ಮೆಹಬೂಬ್ ಬೀ ತಾನೇ ಕೈ ಚಾಚಿದಳು. ಇಷ್ಟು ವರ್ಷದ ಮೇಲೆ ಗಂಡನ ಮುಖ ನೋಡಲು ಹೊರಟವಳು ಬೋಳು ಕೈಯಲ್ಲಿ ಹೋಗುವುದುಂಟೆ? ಒಂದೊಂದು ಬೆರಳಿನ ತುದಿಗೂ ಟೋಪಿ ಹಾಕಿದ ಹಾಗೆ ಜಬೀನ್ ಮೆಹಂದಿ ಮೆತ್ತಿದಳು. ಎಡಗೈಯ ಕಿರುಬೆರಳು ಬಂದಾಗ ಮಾತ್ರ ಮೆಹಬೂಬ್ ಬೀ ಕೈ ಹಿಂದೆಳೆದುಕೊಂಡಳು. ಆ ಬೆರಳು ಉಮರ್‌ನ ಪಾಲು. ಪ್ರತಿ ಈದ್‌ಗೂ ರೇಷ್ಮೆ ನೂಲು ಹುರಿ ಮಾಡುವ ಮಿಷನ್ನಿನ ಕೆಲಸ ಮುಗಿಸಿ ಬಂದು, ಎಣ್ಣೆಮೆತ್ತಿದ ಕೈ ತೊಳೆದು, ಅದೊಂದಕ್ಕೆ ಅವನೇ ಮೆಹಂದಿ ಹಚ್ಚುತ್ತಿದ್ದ. ಒಂಬತ್ತು ನಿನ್ನವು, ಒಂದು ನನ್ನದು ಎನ್ನುತ್ತಿದ್ದ.

ಮರುದಿನ ಹತ್ತೂವರೆಗೆಲ್ಲ ಅವಳು ಆಫೀಸಿನಲ್ಲಿದ್ದಳು. ಬೆರಳಿಟ್ಟಳು. ಕೆಂಪು. ಒರೆಸಿ ಮತ್ತೆ ಇಟ್ಟಳು. ಕೆಂಪು. ಮುರಳಿಮೋಹನ್ ಗಾಜು ಒರೆಸಲು ಬಗ್ಗಿದವನು ಅವಳ ಬೆರಳುಗಳನ್ನು ಕಂಡು ಹಾಗೇ ನಿಂತ. ತುದಿಗಳೆಲ್ಲ ಕಪ್ಪಿಗೆ ತಿರುಗಿದ ಕೆಂಪು.

"ಏನಮ್ಮಾ ಇದು ಮಾಡ್ಕೊಂಡ್ ಬಂದಿದೀಯ?"

ಬಣ್ಣ ಗೆರೆಯ ಸಂದಿಗಿಳಿದರೆ ಮಿಷನ್ನಿಗೆ ದಿಣ್ಣೆ ಯಾವುದು ಹಳ್ಳ ಯಾವುದು ತಿಳಿಯದು ಎಂದು ಅವನು ಮೆಲ್ಲಗೆ ಹೇಳಿದ. ಎದುರಿನ ಅಂಗಡಿಯಿಂದ ನಿಂಬೆಹಣ್ಣು ತಂದು ಉಜ್ಜಿಸಿ ನೋಡಿದ. ಒಳ್ಳೆಯ ಮೆಹಂದಿ, ಜಗ್ಗಲಿಲ್ಲ. ಎರಡು ಗಂಟೆಗೆ ಗುಜರಿಯವನ ಗಾಡಿ ಬರುವುದಿತ್ತು. ಮೆಹಬೂಬ್ ಬೀ ತೊಡೆಯ ಮೇಲಿಟ್ಟ ಕೈಗಳನ್ನೇ ನೋಡುತ್ತಾ ಕೂತಳು. ಒಂದು ಸಲ ಸವರಿ ಸವರಿ ಅಳಿಸಿದೆ, ಇನ್ನೊಂದು ಸಲ ಸಿಂಗರಿಸಿಕೊಂಡು ಅಳಿಸಿದೆ ಎಂದುಕೊಂಡಳು.

ಆಗ ಕಂಡಿತು, ಎಡಗೈಯ ಕೊನೆಯಲ್ಲಿ ಬಿಳುಚಿಕೊಂಡು ಕೂತಿದ್ದ ಅದೊಂದು ಬೆರಳು.

"ಇದು ನಂದಲ್ಲ, ಅವರದು," ಎಂದಳು. "ಇದಾಗುತ್ತಾ?"

ಅವನಿಗೆ ಅರ್ಥವಾಗಲಿಲ್ಲ. ಇಡಮ್ಮ ಎಂದ.

ಹಸಿರು ದೀಪ. ಪರದೆಯ ಮೇಲೆ ಉಮರ್ ಫಾರೂಕ್ ಬಂದು ಕೂತ. ಕತ್ತಿನ ಗುಂಡಿ ಬಿಗಿಯಾಗಿ ಹಾಕಿಕೊಂಡು, ಎಷ್ಟು ಹೊತ್ತಪ್ಪ ನಿಂದು ಎಂದು ಕ್ಯಾಮೆರಾದವನನ್ನು ಗದರಿಸುವವನ ಹಾಗೆ. ಅವನಿಗೆ ಆಗ ಮೂವತ್ತು ವರ್ಷ. ಅವಳ ತಲೆ ನರೆತಿತ್ತು, ಅವನದರಲ್ಲಿ ಒಂದು ನರೆಗೂದಲೂ ಇಲ್ಲ. ಗೆರೆ ಎಡಹುಬ್ಬಿನಲ್ಲಿತ್ತು.

ಬೆರಳೆತ್ತಿದರೆ ಮುಚ್ಚಿಕೊಳ್ಳುತ್ತದೆ ಎಂದು ಮುರಳಿಮೋಹನ್ ಎಚ್ಚರಿಸಿ, ಕಾಗದದ ಮೇಲೆ ಅಚ್ಚು ತೆಗೆದು ಕವರಿಗೆ ಹಾಕಿಕೊಟ್ಟ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡಳು, ಬೆರಳು ಮಾತ್ರ ಎತ್ತಲಿಲ್ಲ. ಅವನು ಊಟಕ್ಕೆ ಹೋದ, ಬಂದ. ಆಗಲೂ ಅವಳು ಹಾಗೇ ಕೂತಿದ್ದಳು. ಗುಜರಿಯ ಗಾಡಿ ಬಾಗಿಲಿಗೆ ಬಂದು ನಿಂತಾಗ, ನಿದ್ದೆಹೋದ ಕೂಸಿನ ಕೈಯಿಂದ ಸೆರಗು ಬಿಡಿಸಿಕೊಳ್ಳುವವಳಂತೆ, ಬಲು ನಿಧಾನವಾಗಿ ಬೆರಳನ್ನು ತೆಗೆದಳು.

ಸೋಮವಾರ ಮತ್ತೆ ತೊಟ್ಟಿಯ ಮುಂದೆ ಕೂತಳು. ಕಾಗದದ ಮುಖವನ್ನು ಕೈಗೆಟುಕದ ಅಟ್ಟದ ಪೆಟ್ಟಿಗೆಯಲ್ಲಿಟ್ಟು ಬಂದಿದ್ದಳು, ತನ್ನ ಹೆಬ್ಬೆರಳಿನ ಬುದ್ಧಿ ಅವಳಿಗೆ ಗೊತ್ತಿತ್ತಲ್ಲ. ಗೂಡುಗಳು ನೀರಿನಲ್ಲಿ ಕುಣಿಯುತ್ತಿದ್ದವು. ಒಂಬತ್ತು ಬೆರಳು ನೀರಿಗಿಳಿದು ಎಳೆ ಹುಡುಕಿದವು, ಒಂದು ಮೇಲೆಯೇ ನಿಂತಿತು. ಹಾದುಹೋಗುತ್ತಿದ್ದ ವೆಂಕಟರಾಮಪ್ಪ ಬಗ್ಗಿ ನೋಡಿದ.

"ಯಾಕವ್ವಾ, ಕಿರುಬೆರಳು ಮುನಿಸ್ಕೊಂಡಿದೆಯಾ?"

ಮೆಹಬೂಬ್ ಬೀ ಹಬೆಯ ಹಿಂದೆ ನಕ್ಕಳು. ಎಳೆ ಸಿಕ್ಕಿತ್ತು.