ಆನ್ಸೆಲ್ಮನಿಗೆ ಉಳಿದ ಕೂಗು

ಫ್ರಾನ್ಸಿನ ತೊನೇರ್ ಊರಿನ ಅರ್ಧಕ್ಕರ್ಧ ಮನೆಗಳಿಗೆ ಹೆಂಚು ಹೊದಿಸಿದವನು ಆನ್ಸೆಲ್ಮ್ ಜಾಕಿನೋ. ಮಾಡಿನ ಮೇಲಿಂದ ಕೆಳಗಿನವರನ್ನು ಎಚ್ಚರಿಸಲು ಅವನಿಗಿದ್ದದ್ದು ಒಂದೇ ಕೂಗು: "ಹೇ ಓ!" ಕೇಳಿಸ್ತಾ ಇದೆಯಾ, ಅಲ್ಲೇ ಇದ್ದೀಯಾ, ಎಂದು. ಮನೆಯಲ್ಲೂ ಅದೇ. ಹೆಂಡತಿ ಮಾರ್ಸೆಲೀನ್ ಸೂಪು ಬಡಿಸುತ್ತಲೇ ಮನಸ್ಸನ್ನು ಎಲ್ಲೋ ಅಲೆಯಲು ಬಿಡುವ ಹೆಂಗಸು. ಅವನು ಮುಖದ ಮುಂದೆ ಕೈ ಬೀಸಿ "ಹೇ ಓ!" ಅಂದಾಗಲೇ ಅವಳು ಮೇಜಿಗೆ ಮರಳುತ್ತಿದ್ದದ್ದು.

ಕೆಲಸ ಬಿಟ್ಟ ಮೇಲೆ ಅವನಿಗೆ ಪಾರ್ಶ್ವವಾಯು ಬಡಿಯಿತು. ಕಾಲು ಹೇಗೋ ಸುಧಾರಿಸಿತು, ಮಾತು ಹೋಯಿತು. ಉಳಿದದ್ದು ಆ ಎರಡು ಅಕ್ಷರ. ಹಸಿದರೂ ಹೇ ಓ, ರೇಗಿದರೂ ಹೇ ಓ. ಮಾತು ಕಲಿಸಲು ಬರುತ್ತಿದ್ದ ಕ್ಲೆಮಾನ್ಸ್ ಪುಸಲಾಯಿಸಿದಳು: "ಅಲೋ ಅನ್ನಿ ಸಾರ್. ಹೋಗ್ಲಿ, ಕುಕೂ ಅನ್ನಿ. ಅದೂ ಕರೆಯೋ ಮಾತೇ ತಾನೇ?" ಅವನು ಅವಳ ತುಟಿಯನ್ನೇ ದಿಟ್ಟಿಸಿ, ಬೆವರಿ, ಕೊನೆಗೆ "ಹೇ ಓ" ಅಂದ.

ಕರೆದದ್ದೋ ಉತ್ತರವೋ ಎಂದು ಮಾರ್ಸೆಲೀನಳಿಗೆ ಒಮ್ಮೆಯೂ ಬಗೆಹರಿಯಲಿಲ್ಲ. ಏಪ್ರಿಲಿನ ಒಂದು ಭಾನುವಾರವಂತೂ ತಲೆ ಕೆಟ್ಟೇಹೋಯಿತು. ಅವಳು ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಮೊಲದ ಮಾಂಸಕ್ಕೆ ಸಾಸಿವೆ ಸವರುತ್ತಿದ್ದಳು. ಕಿಟಕಿಯ ಬಳಿಯಿಂದ "ಹೇ ಓ!" ಓಡಿ ಬಂದಳು. ಕಾಫಿ ತಂದಳು, ತಲೆಯಾಡಿಸಿದ. ಒಳಗೆ ಹೋದದ್ದೇ ತಡ, ಮತ್ತೆ "ಹೇ ಓ!" ಕನ್ನಡಕ ತಂದಳು, ಶಾಲು ಹೊದಿಸಿದಳು, ಕಿಟಕಿ ಮುಚ್ಚಿದಳು. ಆಗ ಅವನು ಕಿಟಕಿಯ ಗಾಜನ್ನು ಗುದ್ದಿದ.

"ಏನು ಬೇಕು ನಿಂಗೆ? ಬೆರಳು ಮಾಡಿಯಾದ್ರೂ ತೋರ್ಸು!"

ಅವನು ಹೊರಗೆ ಬೆರಳು ತೋರಿಸಿದ. ಹೊರಗೆ ಏನೂ ಇರಲಿಲ್ಲ. ತಲೆಗೆ ಮತ್ತೆ ಏನಾದರೂ ಆಯಿತೇ ಎಂದು ಅವಳು ಅವನ ಹಣೆ ಮುಟ್ಟಿ ನೋಡಿದಳು.

ಊಟಕ್ಕೆ ಬಂದ ನೆರೆಮನೆಯ ಗಿಸ್ಲೇನ್ ಕಿಟಕಿ ತೆರೆದು ಕಿವಿಗೊಟ್ಟ. "ಆ ರೇಡಿಯೋ ಬಾಯಿ ಮುಚ್ಚಿಸು ಮಾರಾಯ್ತಿ."

ರೇಡಿಯೋ ನಿಂತಿತು. ತೋಪಿನ ಕಡೆಯಿಂದ ಕೋಗಿಲೆ ಕೂಗಿತು: "ಕು-ಕೂ." ಆನ್ಸೆಲ್ಮ್ ಹೊರಕ್ಕೆ ಬಾಗಿ "ಹೇ ಓ!" ಅಂದ. ಅದು ಮತ್ತೆ ಕೂಗಿತು, ಇವನು ಮತ್ತೆ ಓಗೊಟ್ಟ.

"ನಿನ್ನನ್ನಲ್ಲ ಕಣೇ ಕರೀತಿದ್ದದ್ದು," ಎಂದು ಗಿಸ್ಲೇನ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಮಾರ್ಸೆಲೀನಳಿಗೆ ನಗು ಬರಲಿಲ್ಲ. ಗಂಡ ತಮಾಷೆ ಮಾಡುತ್ತಿದ್ದಾನೋ, ನಿಜಕ್ಕೂ ಯಾರೋ ಕರೆಯುತ್ತಿದ್ದಾರೆಂದು ನಂಬಿದ್ದಾನೋ? "ಅದು ಹಕ್ಕಿ ಅಂತ ಗೊತ್ತಲ್ವಾ ನಿಂಗೆ?" ಎಂದು ಕೇಳಿದಳು. "ಹೇ ಓ," ಅಂದ ಅವನು, ಬಹಳ ತಾಳ್ಮೆಯಿಂದ.

ಜೂನ್ ಕಳೆಯುವಷ್ಟರಲ್ಲಿ ಹಕ್ಕಿ ಸುಮ್ಮನಾಯಿತು. ಅವನೂ ಸುಮ್ಮನಾದ. ಕಿವಿ ಚಿಟ್ಟು ಹಿಡಿಸಿದ್ದ ಆ ಕೂಗೇ ಇಲ್ಲದೆ ಅವಳಿಗೆ ಮನೆ ಭಣಗುಟ್ಟಿತು. ಅವನ ಕುರ್ಚಿಯ ಹತ್ತಿರವೇ ಕೂತು ತರಕಾರಿ ಹೆಚ್ಚತೊಡಗಿದಳು, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಅವಳು ಬೆನ್ನು ತಿರುಗಿಸಿ ಆಲೂಗಡ್ಡೆ ತೊಳೆಯುತ್ತಿದ್ದಳು. "ಕುಕೂ," ಎಂದು ಕೇಳಿಸಿತು. ಈ ಕಾಲದಲ್ಲಿ ಎಲ್ಲಿಂದ ಬಂತಪ್ಪ ಕೋಗಿಲೆ ಎಂದು ಕಿಟಕಿಯಿಂದ ಇಣುಕಿದಳು. ಮತ್ತೊಮ್ಮೆ, ಸ್ವಲ್ಪ ಒರಟಾಗಿ, "ಕುಕೂ!" ತಿರುಗಿ ನೋಡಿದರೆ ಆನ್ಸೆಲ್ಮ್. ಅವಳಿಗಿಂತ ಅವನೇ ಹೆಚ್ಚು ಬೆರಗಾಗಿದ್ದ.

"ನನ್ನನ್ನೇನಾ?" ಅಂದಳು, ಒದ್ದೆ ಕೈಯಲ್ಲಿ ಅವನ ಕೆನ್ನೆ ಹಿಡಿದು.

ಈಗ ಅವನಿಗೆ ಎರಡು ಮಾತು. ಯಾವುದು ಯಾವುದಕ್ಕೆ ಎಂಬುದು ಅವನಿಗೂ ಗೊತ್ತಿದ್ದಂತಿಲ್ಲ. ಬ್ರೆಡ್ ಬೇಕಾದರೆ ಕುಕೂ ಅನ್ನುತ್ತಾನೆ, ಕೊಟ್ಟರೆ ಹೇ ಓ ಅನ್ನುತ್ತಾನೆ, ಮರುದಿನ ಅದಲು ಬದಲು. ಮಾರ್ಸೆಲೀನಳ ಗೊಂದಲವೂ ಎರಡರಷ್ಟಾಗಿದೆ. ಯಾವುದಕ್ಕೂ ಇರಲಿ ಎಂದು ಪ್ರತಿ ಸಲ "ಹೂಂ, ಕೇಳ್ತಿದ್ದೀನಿ" ಎನ್ನುತ್ತಾಳೆ.